ದಿನಾ ರಾತ್ರಿ ಡೇಟಾ ಪೂರ್ತಿ ಎತ್ತಿ, ನಾಚಿಕೆ ಬೇಡ

ಕಳೆದ ಸುಗ್ಗಿಯಲ್ಲಿ ಗಂಗಾವತಿ ಹತ್ತಿರದ ಒಂದು ರೈಸ್‌ಮಿಲ್‌ನಲ್ಲಿ 148 ಚೀಲ ಭತ್ತ ಕಾಣೆಯಾಯಿತು. ಗೋದಾಮಿನಲ್ಲಿ ಅಲ್ಲ, ಸಾಹುಕಾರರ ಫೋನಿನಲ್ಲಿ. ನಮ್ಮ ಕಡೆ ಭತ್ತದ ಚೀಲ ಅಂದ್ರೆ 75 ಕೆ.ಜಿ. ಲೆಕ್ಕ ಹಾಕಿ ನೋಡಿ, 111 ಕ್ವಿಂಟಲ್. ಆ ಫೋನಿಗೆ ಲೆಕ್ಕ ಹೋಗುವ ಹಾಗೆ ಮಾಡಿಕೊಟ್ಟವನು ನಾನೇ.

ಮಿಲ್ಲಿನ ಲೆಕ್ಕವೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿ, ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇದೆ. ಸಾಹುಕಾರರಿಗೆ ಬೇಕಾದ ದೊಡ್ಡ ದೊಡ್ಡ ವರದಿಗಳನ್ನು ಹಗಲು ಅದರ ಮೇಲೆಯೇ ಓಡಿಸಿದರೆ ಇತ್ತ ಬಿಲ್ ಬರೆಯುವವರ ಪರದೆ ನಿಂತುಬಿಡುತ್ತದೆ. ಅದಕ್ಕೆ ರಾತ್ರಿ 2 ಗಂಟೆಗೆ ಲೆಕ್ಕವನ್ನು ಇನ್ನೊಂದು ಡೇಟಾಬೇಸಿಗೆ ಇಳಿಸುವುದು. ಇದಕ್ಕೆ ಬ್ಯಾಚ್ ಇಂಪೋರ್ಟ್ ಅಂತಾರೆ. ಹೆಸರು ಹೊಸದು, ಕೆಲಸ ಹಳೆಯದು. ಹಗಲೆಲ್ಲ ಕಿರ್ದಿ ಬರೆದು ಸಂಜೆ ಕೂತು ಖಾತೆಗೆ ಇಳಿಸ್ತಾ ಇದ್ರಲ್ಲ, ಅದೇ ಇದು.

ನಾನು ಜಾಣತನ ಮಾಡಿದೆ. ಎಲ್ಲವನ್ನೂ ದಿನಾ ಯಾಕೆ ಎತ್ತಬೇಕು, ನಿನ್ನೆಯಿಂದ ಈಚೆಗೆ ಬದಲಾದ ಸಾಲುಗಳನ್ನಷ್ಟೇ ತಂದರೆ ಸಾಕಲ್ವಾ ಅಂದುಕೊಂಡೆ. ಪ್ರತಿ ಸಾಲಿನಲ್ಲೂ ಅದನ್ನು ಕೊನೆಗೆ ತಿದ್ದಿದ ಸಮಯ ಇತ್ತು. ಹಿಂದಿನ ಸಲ ನೋಡಿದ ಅತಿ ದೊಡ್ಡ ಸಮಯವನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಮುಂದಿನದ್ದನ್ನು ಮಾತ್ರ ತರುವುದು. ಡೇಟಾ ಇಳಿಸುವ ಅನೇಕ ಟೂಲ್‌ಗಳು ಇದೇ ದಾರಿ ತೋರಿಸುತ್ತವೆ. ಕೆಲಸ ಎಂಟು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಸಾಹುಕಾರರಿಗೆ ಖುಷಿ, ನನಗೆ ಇನ್ನೂ ಖುಷಿ.

ಒಂಬತ್ತನೇ ದಿನ ಫೋನ್ ಬಂತು. "ತಮ್ಮಾ, ಚೀಲ ಕಡಿಮಿ ತೋರ್ಸಾಕತ್ತೈತಿ, ಬಂದು ನೋಡು."

ಎರಡು ದಿನ ನನ್ನ ಕ್ವೆರಿಯನ್ನೇ, ಅಂದ್ರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನೇ, ತಿರುವಿ ಹಾಕಿದೆ. ಮೊದಲು ಟೈಮ್ ಝೋನ್ ಮೇಲೆ ಅನುಮಾನ. ಅದು ನ್ಯಾಯವಾದ ಅನುಮಾನವೇ. ಅನೇಕ ಟೂಲ್‌ಗಳು ಸಮಯವನ್ನು ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತವೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ 2 ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ 8.30. ಮೈಎಸ್‌ಕ್ಯೂಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಕಾಲಂ ಯುಟಿಸಿಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ, ಡೇಟ್‌ಟೈಮ್ ಕಾಲಂ ಕೊಟ್ಟಿದ್ದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ಎಡವುತ್ತೀರಿ. ಆದರೆ ನನ್ನ ತಪ್ಪು ಅಲ್ಲಿರಲಿಲ್ಲ.

ಕೊನೆಗೆ ಅಲ್ಲೇ ಮೂಲೆಯಲ್ಲಿ ಕೂತಿದ್ದ ಹಿರಿಯ ಗುಮಾಸ್ತರನ್ನು ಕೇಳಿದೆ. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿ ಇರುವವರು. "ಕಾಕಾ, ಈ ತೂಕದ ಚೀಟಿಗಳನ್ನ ಎಲ್ಲಿ ಎಂಟ್ರಿ ಮಾಡ್ತೀರಿ?"

"ಕಾಟಾ ರೂಮಿನ ಕಂಪ್ಯೂಟರ್‌ನ್ಯಾಗ."

"ಅದರಲ್ಲೇನಾದ್ರೂ ತೊಂದ್ರೆ ಐತೇನು?"

"ತೊಂದ್ರಿ ಏನಿಲ್ಲಪಾ. ಕರೆಂಟ್ ಹೋಗಿ ಬಂದ್ರ ಅದರ ಗಡಿಯಾರ ಹಿಂದಕ್ಕ ಓಡ್ತೈತಿ. ಚೀಟಿ ಮ್ಯಾಲಿನ ತಾರೀಖು ನಾವು ಕೈಲೆ ತಿದ್ದಿಕೊಂತೀವಿ. ಎಲ್ಲಾರಿಗೂ ಗೊತ್ತೈತಿ. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ಮದರ್‌ಬೋರ್ಡ್ ಮೇಲಿನ ಗುಂಡಿಯಂಥ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದಾಗೆಲ್ಲ ಆ ಯಂತ್ರ ಹತ್ತು ವರ್ಷ ಹಿಂದಿನ ತಾರೀಖಿಗೆ ಏಳುತ್ತಿತ್ತು. ಮಿಲ್ಲಿನ ಲೆಕ್ಕದ ಸಾಫ್ಟ್‌ವೇರ್ ಸಮಯವನ್ನು ಸರ್ವರಿನಿಂದ, ಅಂದ್ರೆ ಆಫೀಸಿನ ಮುಖ್ಯ ಕಂಪ್ಯೂಟರಿನಿಂದ ಕೇಳದೆ, ತಾನು ಕೂತ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳುತ್ತಿತ್ತು. ಚೀಟಿಯ ತಾರೀಖು ಕಣ್ಣಿಗೆ ಕಾಣುತ್ತೆ, ತಿದ್ದುತ್ತಾರೆ. ತಿದ್ದಿದ ಸಮಯದ ಕಾಲಂ ಪರದೆಯ ಮೇಲೆ ಬರುವುದೇ ಇಲ್ಲ. ಹಾಗಾಗಿ ಆ ಸಾಲುಗಳು ನನ್ನ ಇಂಪೋರ್ಟಿನ ಪಾಲಿಗೆ ಹತ್ತು ವರ್ಷ ಹಳೆಯವು. ಯಾವತ್ತೂ ಬರುತ್ತಿರಲಿಲ್ಲ.

ಬ್ಯಾಟರಿ ಹಾಕಿಸಿದೆವು. ಚಿಲ್ಲರೆ ಖರ್ಚು. ಅಷ್ಟಕ್ಕೆ ಮುಗಿಯಿತು ಅಂದುಕೊಂಡರೆ, ಮುಂದಿನ ವಾರ ಚೀಲ ಜಾಸ್ತಿ! ಬಿಲ್ ತಿದ್ದಿದಾಗ ಆ ಸಾಫ್ಟ್‌ವೇರ್ ಹಳೆಯ ಸಾಲನ್ನು ಅಳಿಸಿ ಹೊಸ ನಂಬರಿನಲ್ಲಿ ಮತ್ತೆ ಬರೆಯುತ್ತದೆ. ಹೊಸ ಸಾಲು ನನ್ನ ಕಡೆ ಬಂತು, ಅಳಿಸಿದ ಸಾಲು ನನ್ನ ಕಡೆ ಹಾಗೇ ಉಳಿಯಿತು. ಇಲ್ಲದ ಸಾಲು "ನಾನು ಹೋದೆ" ಅಂತ ಹೇಳಿ ಹೋಗುವುದಿಲ್ಲವಲ್ಲ. ಕಾಕಾ ಇದಕ್ಕೆ ನಕ್ಕರು. ಕಿರ್ದಿಯಲ್ಲಿ ಅವರು ಯಾವತ್ತೂ ಅಳಿಸಿದವರಲ್ಲ. ತಪ್ಪಾದರೆ ಉಲ್ಟಾ ಎಂಟ್ರಿ ಹಾಕಿ ಸರಿ ಮಾಡುವುದು ಅವರ ಪದ್ಧತಿ. ಆ ಸಾಫ್ಟ್‌ವೇರ್ ಬರೆದವರು ಒಂದು ದಿನ ಅವರ ಪಕ್ಕ ಕೂತಿದ್ದರೆ ಸಾಕಿತ್ತು.

ಆವತ್ತು ಒಂದು ಲೆಕ್ಕ ಮಾಡಿದೆ, ಮೊದಲೇ ಮಾಡಬೇಕಿತ್ತು. ಎಂಟು ವರ್ಷದ ಡೇಟಾ ಎಲ್ಲ ಸೇರಿ ಎಷ್ಟು ಸಾಲು? ಸುಮಾರು ಮೂರು ಲಕ್ಷ. ಪೂರ್ತಿ ಎತ್ತಿದರೆ ಎಷ್ಟು ಹೊತ್ತು? ಆರು ನಿಮಿಷ. ರಾತ್ರಿ 2 ಗಂಟೆಗೆ ಆರು ನಿಮಿಷ ಯಾರಿಗೆ ಭಾರ ಹೇಳಿ? ಎಂಟು ಸೆಕೆಂಡಿನ ಆಸೆಗೆ ಬಿದ್ದು ಸುಮ್ನೆ ಮರ್ಯಾದೆ ಕಳೆದುಕೊಂಡಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲು, ದಲಾಲಿ ಅಂಗಡಿ, ಗೊಬ್ಬರದ ಅಂಗಡಿಗಳ ಅಳತೆಯ ಡೇಟಾಗೆ ದಿನಾ ರಾತ್ರಿ ಪೂರ್ತಿ ಎತ್ತುವುದೇ ಸರಿ. ಬೆಂಗಳೂರಿನ ಗೆಳೆಯರು ಇದನ್ನು ಹಳ್ಳಿ ಕೆಲಸ ಅಂತಾರೆ. ಅನ್ನಲಿ. ಅವರ ಕೋಟಿಗಟ್ಟಲೆ ಸಾಲುಗಳಿಗೆ ಬೇರೆ ದಾರಿ ಬೇಕು, ಒಪ್ಪುತ್ತೇನೆ. ಪ್ರತಿ ಬದಲಾವಣೆಯನ್ನೂ ಡೇಟಾಬೇಸ್ ತಾನೇ ಬರೆದುಕೊಳ್ಳುವ ಬಿನ್‌ಲಾಗ್ ಓದುವ ಡೆಬೀಜಿಯಂ ತರಹದ ಟೂಲ್ ಇದೆ, ಅದರಲ್ಲಿ ಅಳಿಸಿದ್ದೂ ಕಾಣುತ್ತದೆ. ಅಷ್ಟು ಬೇಡ, ಬದಲಾದದ್ದಷ್ಟೇ ಸಾಕು ಅನ್ನುವವರು ಕೊನೆಯ ಮೂರು ದಿನದ್ದನ್ನು ಮತ್ತೆ ಮತ್ತೆ ಓದಿ, ಪ್ರೈಮರಿ ಕೀ, ಅಂದ್ರೆ ಪ್ರತಿ ಸಾಲಿನ ಗುರುತಿನ ನಂಬರ್, ನೋಡಿ ಹಳೆಯದರ ಮೇಲೆ ಬರೆಯಬಹುದು. ಅದೂ ಸತ್ತ ಗಡಿಯಾರದಿಂದ ಕಾಪಾಡುವುದಿಲ್ಲ.

ಪೂರ್ತಿ ಎತ್ತುವುದಕ್ಕೂ ಸ್ವಲ್ಪ ಕಾಳಜಿ ಬೇಕು. ಜಾವಾ ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್, ನೀವು ಏನೂ ಹೇಳದಿದ್ದರೆ, ಕ್ವೆರಿಯ ಉತ್ತರವನ್ನೆಲ್ಲ ಒಂದೇ ಸಲ ಮೆಮೊರಿಗೆ ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಇಷ್ಟೇ ಸಾಲು ತಾ ಅನ್ನುವ ಫೆಚ್ ಸೈಜ್ 1000 ಅಂತ ಕೊಟ್ಟರೂ, ಕಂತು ಕಂತಾಗಿ ತರಿಸುವ ಕರ್ಸರ್ ಫೆಚ್ ಆನ್ ಮಾಡದಿದ್ದರೆ ಅದು ಕೇಳುವುದಿಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಿ, ಪ್ರತಿ ಆಜ್ಞೆಯನ್ನೂ ತಾನೇ ಖಾಯಂ ಮಾಡುವ ಆಟೋಕಮಿಟ್ ಆಫ್ ಇದ್ದರೆ ಮಾತ್ರ ಫೆಚ್ ಸೈಜಿಗೆ ಬೆಲೆ. ಇನ್ನು ಲಿಮಿಟ್-ಆಫ್‌ಸೆಟ್ ಹಾಕಿ ಪುಟ ಪುಟವಾಗಿ ತರುವವರು ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಮರೆಯಬೇಡಿ. ಮರೆತರೆ ಒಂದೇ ಸಾಲು ಎರಡು ಪುಟದಲ್ಲಿ ಬರಬಹುದು, ಇನ್ನೊಂದು ಸಾಲು ಎಲ್ಲೂ ಬರದೇ ಹೋಗಬಹುದು.

ಜಾಸ್ತಿ ಜನ ಮಾಡುವ ತಪ್ಪು ಇನ್ನೊಂದಿದೆ. ಹಳೆ ಟೇಬಲನ್ನು ಟ್ರಂಕೇಟ್ ಮಾಡಿ, ಅಂದ್ರೆ ಪೂರ್ತಿ ಖಾಲಿ ಮಾಡಿ, ಅದರಲ್ಲೇ ತುಂಬುವುದು. ಮೈಎಸ್‌ಕ್ಯೂಎಲ್‌ನಲ್ಲಿ ಟ್ರಂಕೇಟ್ ಮಾಡಿದ್ದನ್ನು ರೋಲ್‌ಬ್ಯಾಕ್ ಮಾಡಲು, ಅಂದ್ರೆ ಹಿಂದಕ್ಕೆ ಪಡೆಯಲು, ಬರುವುದಿಲ್ಲ. ಅರ್ಧಕ್ಕೆ ಕರೆಂಟ್ ಹೋದರೆ ಸಾಹುಕಾರರು ಬೆಳಿಗ್ಗೆ ಅರ್ಧ ಮಿಲ್ ನೋಡುತ್ತಾರೆ. ನಾನು ಪಕ್ಕದಲ್ಲಿ ಹೊಸ ಟೇಬಲ್ ಕಟ್ಟಿ, ಅಲ್ಲಿ ಪೂರ್ತಿ ತುಂಬುತ್ತೇನೆ. ಮೂಲದ ಸಾಲುಗಳ ಸಂಖ್ಯೆ, ಚೀಲಗಳ ಒಟ್ಟು, ರೂಪಾಯಿ ಒಟ್ಟು ಮೂರೂ ತಾಳೆಯಾದರೆ ಮಾತ್ರ ಹೆಸರು ಅದಲು ಬದಲು. ರಿನೇಮ್ ಟೇಬಲ್ ಅನ್ನುವ ಆಜ್ಞೆ ಎರಡರ ಹೆಸರನ್ನೂ ಒಂದೇ ಏಟಿಗೆ ಬದಲಿಸುತ್ತದೆ. ತಾಳೆಯಾಗಲಿಲ್ಲವೋ, ನಿನ್ನೆಯದೇ ಇರಲಿ, ನನಗೊಂದು ಮೆಸೇಜ್ ಬರಲಿ. ಸುಳ್ಳು ಲೆಕ್ಕಕ್ಕಿಂತ ಹಳೆ ಲೆಕ್ಕ ವಾಸಿ.

ತರುವಾಗಲೇ ತಿದ್ದಲು ಹೋಗಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಹೊಸಪೇಟೆಯ ವ್ಯಾಪಾರಿಗಳ ವಿಳಾಸದಲ್ಲಿ ಬಳ್ಳಾರಿ ಜಿಲ್ಲೆ ಅಂತಲೂ ಇದೆ, 2021ರ ಈಚೆಗೆ ವಿಜಯನಗರ ಜಿಲ್ಲೆ ಅಂತಲೂ ಇದೆ. ಎರಡೂ ಆವತ್ತಿಗೆ ಸರಿಯೇ. ಇದ್ದ ಹಾಗೆ ತನ್ನಿ. ತಿದ್ದುವುದೇನಿದ್ದರೂ ಈ ಕಡೆ ಬಂದ ಮೇಲೆ.

ಈಗ ಕಾಕಾಗೆ ದಿನಾ ಬೆಳಿಗ್ಗೆ ಆ ಮೂರು ಒಟ್ಟುಗಳ ಪ್ರಿಂಟ್ ಹೋಗುತ್ತದೆ. ಫೋನಿನಲ್ಲಿ ನೋಡಿ ಅಂದರೆ ಒಪ್ಪಲಿಲ್ಲ, ಕಾಗದವೇ ಬೇಕು. ಕಿರ್ದಿಯ ಜೊತೆ ತಾಳೆ ನೋಡಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಾರೆ. ಹೋದ ತಿಂಗಳು ಒಂದು ದಿನ ಟಿಕ್ ಬೀಳಲಿಲ್ಲ. ನನ್ನ ಕಡೆ ಎಲ್ಲ ಸರಿ ಇತ್ತು. ಕಿರ್ದಿಯಲ್ಲೇ 12 ಚೀಲ ಬರೆಯುವುದು ಬಿಟ್ಟುಹೋಗಿತ್ತು. ಕಾಕಾ ಏನೂ ಮಾತಾಡದೆ ನನಗೂ ಒಂದು ಚಾ ತರಿಸಿದರು.

ರೈತರ ಹೆಸರುಗಳ ಕೆಲಸ ಇನ್ನೂ ಬಾಕಿ ಇದೆ. ಹಳೆಯ ವರ್ಷಗಳದ್ದೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ತಿರುಗಿಸಿ ಒಂದೊಂದೇ ಹೆಸರು ನೋಡಬೇಕು. ಈ ಸಲ ಮೊದಲ ದಿನವೇ ಕಾಕಾ ಪಕ್ಕ ಕುರ್ಚಿ ಹಾಕಿಕೊಂಡಿದ್ದೇನೆ.