‘ಅರ್ಥವಾಯಿತಾ?’ ಎಂದು ಕೇಳಿದರೆ ಸಾಲದು

ಇಂದು ಬೆಳಿಗ್ಗೆ ಚಿಕ್ಕಮಗಳೂರಿನ ಔಷಧಿ ಅಂಗಡಿಯೊಂದರಲ್ಲಿ ಕೇಳಿಸಿಕೊಂಡ ಮಾತಿನಿಂದ ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ. ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಥೈರಾಯ್ಡ್ ಮಾತ್ರೆ ಕೊಳ್ಳುತ್ತಾ, ‘ದೀಪಾವಳಿಯಿಂದ ನುಂಗ್ತಾ ಇದೀನಿ ಅಣ್ಣ, ಸುಸ್ತು ಹೋಗಿಲ್ಲ, ಡಾಕ್ಟ್ರು ಪವರ್ ಜಾಸ್ತಿ ಮಾಡವ್ರೆ’ ಎಂದರು. ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಅಂಗಡಿಯವರು ವಿಚಾರಿಸಿದಾಗ ಬಂದ ಉತ್ತರ: ‘ಡಾಕ್ಟ್ರು ಹೇಳ್ದಂಗೇ, ಖಾಲಿ ಹೊಟ್ಟೇಲಿ. ಎದ್ದ ತಕ್ಷಣ ಕಾಫಿ ಜೊತೆ.’

ಅವರದ್ದೇನೂ ತಪ್ಪಿಲ್ಲ. ಮುಖ ತೊಳೆಯುತ್ತಲೇ ಕಾಫಿ ಕುಡಿಯುವ ನಮ್ಮ ಮಲೆನಾಡಿನಲ್ಲಿ ಕಾಫಿಯನ್ನು ಆಹಾರವೆಂದು ಲೆಕ್ಕಕ್ಕೆ ಹಿಡಿಯುವವರು ಯಾರಿದ್ದಾರೆ? ಆದರೆ ಈ ಮಾತ್ರೆಯನ್ನು ಬರೀ ನೀರಿನೊಂದಿಗೆ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಇಲ್ಲವಾದರೆ ಕಾಫಿಯು ಔಷಧಿಯನ್ನು ದೇಹ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಕಬ್ಬಿಣಾಂಶದ ಮಾತ್ರೆಗೂ ಕಾಫಿ, ಚಹಾ ಅಡ್ಡಿಯೇ. ರಕ್ತಹೀನತೆಗೆ ಅದನ್ನು ನುಂಗುತ್ತಿರುವ ಎಷ್ಟು ಮಂದಿ ಬಸುರಿಯರಿಗೆ ಇದನ್ನು ಬಿಡಿಸಿ ಹೇಳಲಾಗಿದೆಯೋ!

‘ಅರ್ಥವಾಯಿತಾ?’ ಎಂಬ ಪ್ರಶ್ನೆಗೆ ಆಕೆ ‘ಹೂಂ’ ಎಂದೇ ಇರುತ್ತಾರೆ, ಅದೂ ಪ್ರಾಮಾಣಿಕವಾಗಿಯೇ. ‘ನಾಳೆ ಬೆಳಿಗ್ಗೆ ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಮ್ಮಾ, ನನಗೊಮ್ಮೆ ಹೇಳಿ’ ಎಂದು ವೈದ್ಯರು ಕೇಳಿದ್ದರೆ ಕಾಫಿಯ ಸಂಗತಿ ಅಲ್ಲೇ ಹೊರಬರುತ್ತಿತ್ತು.

ಒಪಿಡಿಯ ನೂಕುನುಗ್ಗಲಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೆಲವರು ಕೇಳಬಹುದು. ನೂಕುನುಗ್ಗಲು ನಿಜ, ಆದರೆ ಈ ವಾದವನ್ನು ನಾನು ಒಪ್ಪಲಾರೆ. ಅರ್ಧ ನಿಮಿಷದ ಆ ಮಾತು ತಪ್ಪಿದ್ದರಿಂದಲೇ ಆಕೆ ದಿನಗೂಲಿ ಬಿಟ್ಟು ಮತ್ತೆ ಬಸ್ಸು ಹತ್ತಿದರು, ಮತ್ತೆ ರಕ್ತಪರೀಕ್ಷೆ ಮಾಡಿಸಿದರು, ಅದೇ ಸಾಲಿನಲ್ಲಿ ಮತ್ತೆ ನಿಂತರು. ಹೆಚ್ಚಿಸಿದ ಪವರಿನ ಮಾತ್ರೆಯನ್ನು ಇನ್ನು ಮುಂದೆ ಸರಿಯಾಗಿ ನುಂಗಿದರೆ ಪ್ರಮಾಣ ಮಿತಿಮೀರಿ ಎದೆ ಡವಗುಟ್ಟುವ ಅಪಾಯವೂ ಇದೆ. ಪುಣ್ಯಕ್ಕೆ ಅಂಗಡಿಯವರು ಆಕೆಯನ್ನು ಡಾಕ್ಟರ ಬಳಿಗೇ ವಾಪಸು ಕಳಿಸಿದರು.

ಓದು ಬಾರದವರ ಸಮಸ್ಯೆ ಇದೆಂದು ದಯವಿಟ್ಟು ತಳ್ಳಿಹಾಕಬೇಡಿ. ಜೀವನವಿಡೀ ಮಕ್ಕಳಿಗೆ ‘ಪ್ರಶ್ನೆ ಕೇಳಿ’ ಎಂದು ಹೇಳುತ್ತಾ ಬಂದ ನನಗೇ ವೈದ್ಯರೆದುರು ಕುಳಿತಾಗ ನಾಲಿಗೆ ಏಳುವುದಿಲ್ಲ.

ರೋಗಿಯೊಂದಿಗೆ ಮಾತನಾಡುವ ಬಗೆಯನ್ನು 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲೇ ಸೇರಿಸಿದ್ದಾರೆ. ನನ್ನ ಶಿಷ್ಯರಲ್ಲಿ ವೈದ್ಯರಾದವರು ಇದನ್ನು ಓದುತ್ತೀರಿ ಎಂದು ಬಲ್ಲೆ. ನಾಳೆ ನಿಮ್ಮಲ್ಲಿಗೆ ಬರುವವರಿಗೆ ಚೀಟಿ ಕೊಡುವ ಮುನ್ನ, ‘ಹೇಗೆ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿ, ಬಂದ ಉತ್ತರಗಳನ್ನು ನನಗೂ ತಿಳಿಸಿ.