ಹಿತ್ತಲಿನಲ್ಲೊಂದು ಜಲವಿವಾದ

ಹಿತ್ತಲಿನಲ್ಲಿ ಪುಟ್ಟದೊಂದು ಕೊಳ ಮಾಡೋಣ ಎಂದು ನಾನು ಬಾಯಿ ತೆರೆದದ್ದೇ ತಡ, ಮನೆಯಲ್ಲಿ ಎಷ್ಟು ತಲೆಗಳಿವೆಯೋ ಅಷ್ಟು ಕೊಳಗಳು ಸಿದ್ಧವಾದವು. ಹೆಂಡತಿಗೆ ನೈದಿಲೆ, ಮಗನಿಗೆ ಬಣ್ಣದ ಕೊಯ್ ಮೀನು, ಅಪ್ಪನಿಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಳ್ಳಲು ಒಂದು ನೆಪ. ಅಮ್ಮನದು ಪ್ರಶ್ನೆ ಮಾತ್ರ: "ಸೊಳ್ಳೆಗೆ ಏನು ಮಾಡುತ್ತೀಯಪ್ಪಾ?"

ನೈದಿಲೆ ಅರಳಲು ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಮರದಡಿಯಲ್ಲಾದರೆ ಬಿಸಿಲೂ ಇಲ್ಲ, ಉದುರಿದ ಎಲೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನೂ ಹೀರುತ್ತದೆ. ಇದನ್ನು ಕೇಳಿ ಅಪ್ಪ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಕೊಯ್ ಮೀನುಗಳು ಗಿಡದ ಬೇರನ್ನೇ ಕೆದಕಿ ತಿನ್ನುತ್ತವೆ ಎಂದದ್ದಕ್ಕೆ ತಾಯಿ-ಮಗನ ನಡುವೆ ಮಾತು ನಿಂತಿತು. ಸೊಳ್ಳೆಮರಿಗಳನ್ನು ಗಪ್ಪಿ ಮೀನುಗಳು ತಿಂದು ಮುಗಿಸುತ್ತವೆ ಎಂದು ಅಮ್ಮನಿಗೆ ಹೇಳಿದೆ. "ಅವಕ್ಕೆ ಹಸಿವಿಲ್ಲದ ದಿನ?" ಎಂದರು. ಜೀವಶಾಸ್ತ್ರ ಅಲ್ಲಿಗೆ ಮುಗಿಯಿತು.

ಕೊಳದ ಅಂಚು ಗುರುತಿಸಲು ಗಿಡಕ್ಕೆ ನೀರು ಬಿಡುವ ಪೈಪನ್ನೇ ನೆಲದ ಮೇಲೆ ಸುತ್ತಿಟ್ಟೆವು. ಇದು ಎಲ್ಲರೂ ಹೇಳುವ ಉಪಾಯ; ಆ ಪೈಪಿಗೆ ಬೇರೆ ಕೆಲಸವೂ ಇರುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಯಾರಾದರೂ ಗಿಡಕ್ಕೆ ನೀರು ಹಾಕಲು ಹೋದರೆ ಕೊಳವೂ ಅವರ ಹಿಂದೆಯೇ ಹೋಗುತ್ತಿತ್ತು. ವಾಪಸು ಬರುವಾಗ ಹೆಂಡತಿಯ ಕೈಯಲ್ಲಿ ಅಗಲವಾಗಿಯೂ ಅಪ್ಪನ ಕೈಯಲ್ಲಿ ಮರಕ್ಕೆ ಹತ್ತಿರವಾಗಿಯೂ ಬರುತ್ತಿತ್ತು.

ಕೊನೆಗೆ 2 ಮೀಟರ್ ಉದ್ದ, 1 ಮೀಟರ್ ಅಗಲ, 60 ಸೆಂಟಿಮೀಟರ್ ಆಳಕ್ಕೆ ಸಂಧಾನವಾಯಿತು. ನೀರು ಇಂಗದಂತೆ ಗುಂಡಿಯೊಳಗೆ ಹಾಸುವ ಹಾಳೆ ಕೊಳ್ಳುವಾಗ ಉದ್ದಕ್ಕೂ ಅಗಲಕ್ಕೂ ಆಳದ ಎರಡರಷ್ಟನ್ನು ಸೇರಿಸಿ, ಅಂಚಿಗೆ ಮಡಚಲು ಇನ್ನಷ್ಟು ಬಿಡಬೇಕು. ಅಂಚಿನ ಸುತ್ತ ರಸಮಟ್ಟ ಇಟ್ಟು ನೋಡಲೇಬೇಕು. ನೀರಿಗೆ ದಾಕ್ಷಿಣ್ಯವಿಲ್ಲ, ನೆಲ ಒಂದು ಕಡೆ ತಗ್ಗಿದ್ದರೆ ಅಲ್ಲಿಂದ ಹೊರಗೆ ಹರಿದು, ಎದುರು ಬದಿಯಲ್ಲಿ ಹಾಳೆಯ ಕರಿಯ ಅಂಚನ್ನು ನೆಂಟರಿಗೆಲ್ಲ ತೋರಿಸುತ್ತದೆ.

ತೋಡಿದ ಮಣ್ಣನ್ನು ಎಲ್ಲಿ ಹಾಕುವುದು ಎಂದು ಮಾತ್ರ ಇಷ್ಟೊಂದು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ಲೆಕ್ಕಕ್ಕೆ 1.2 ಘನಮೀಟರ್, ಅಗೆದ ಮಣ್ಣು ಸಡಿಲಗೊಂಡು ಉಬ್ಬುವುದರಿಂದ ಗುಂಡಿಗಿಂತ ಗುಡ್ಡೆಯೇ ದೊಡ್ಡದಾಯಿತು. ಅದನ್ನು ನೋಡುತ್ತಾ ನಿಂತ ಹೆಂಡತಿಯ ಕಣ್ಣು ಹೊಳೆಯಿತು: "ಇದರ ಮೇಲಿಂದ ಒಂದು ಜಲಪಾತ ಬಿಡೋಣವೇ?" ಮಗ ಆಗಲೇ ಪಂಪಿನ ಗಾತ್ರ ಲೆಕ್ಕ ಹಾಕುತ್ತಿದ್ದ. ತಾಯಿ-ಮಗ ಮತ್ತೆ ಮಾತನಾಡತೊಡಗಿದ್ದರು.