ಕ್ಯೂಬಾ ಮುಕುಂದನ್ ಮತ್ತು ಸಾಲದ ಲೆಕ್ಕ

ಲಾಲ್ ಜೋಸ್ ನಿರ್ದೇಶನದ ಮಲಯಾಳಂ ಸಿನಿಮಾ 'ಅರಬಿಕ್ಕಥ'ದ ಮಾತೆತ್ತಿದರೆ ಸಾಕು, 'ಓ, ಕಮ್ಯುನಿಸ್ಟರನ್ನು ಗೇಲಿ ಮಾಡಿದ ಪಿಕ್ಚರ್ ಅಲ್ವಾ' ಅಂತ ಅಲ್ಲಿಗೇ ಮುಗಿಸಿಬಿಡುತ್ತಾರೆ. ಗೇಲಿ ಇದೆ, ಬೇಕಾದಷ್ಟಿದೆ. ಆದರೆ ಕಥೆಯನ್ನು ಮುಂದಕ್ಕೆ ತಳ್ಳುವುದು ಒಂದು ಸಾಲ. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಶ್ರೀನಿವಾಸನ್ ಮಾಡಿದ ಮುಕುಂದನ್ ಹಳ್ಳಿಯ ಪಕ್ಕಾ ಪಕ್ಷನಿಷ್ಠ. ಅವನ ಕ್ಯೂಬಾ ಹುಚ್ಚು ನೋಡಿ 'ಕ್ಯೂಬಾ ಮುಕುಂದನ್' ಅಂತಲೇ ಹೆಸರು ಬಿದ್ದಿದೆ. ಅಪ್ಪನ ಮೇಲೆ ಪಕ್ಷದ ದುಡ್ಡು ತಿಂದ ಆರೋಪ ಬರುತ್ತದೆ, ಆ ಹಣ ಕಟ್ಟಲು ಮಗ ದುಬೈಗೆ ಹೊರಡುತ್ತಾನೆ. ಇದರ ಹಿಂದೆ ಸ್ವಂತ ಪಕ್ಷದ ಮುಖಂಡನ ಕೈಯಿದೆ ಅನ್ನುವುದು ಅವನಿಗೆ ಗೊತ್ತಿಲ್ಲ.

ಸಿನಿಮಾ ಬಂದ ಹೊತ್ತನ್ನೂ ಗಮನಿಸಬೇಕು. 2007ರ ಜುಲೈ. ಅದಕ್ಕೆ ಎರಡು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಬಹಿರಂಗವಾಗಿ ಕಿತ್ತಾಡಿದ್ದಕ್ಕೆ ಕೇರಳದ ಆಗಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಮತ್ತು ಪಕ್ಷದ ಆಗಿನ ರಾಜ್ಯ ಕಾರ್ಯದರ್ಶಿ ಪಿಣರಾಯಿ ವಿಜಯನ್ ಇಬ್ಬರನ್ನೂ ಸಿಪಿಎಂ ಪಕ್ಷ ತನ್ನ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದಿಂದ ಅಮಾನತು ಮಾಡಿತ್ತು. ಅದೇ ಮೇ ತಿಂಗಳಲ್ಲಿ ಎಡರಂಗ ಸರ್ಕಾರ ದುಬೈ ಕಂಪನಿಯ ಜತೆ ಕೊಚ್ಚಿ ಸ್ಮಾರ್ಟ್ ಸಿಟಿ ಒಪ್ಪಂದಕ್ಕೆ ಸಹಿ ಹಾಕಿತು. ಅಂದರೆ ಕೆಂಬಾವುಟ ಮತ್ತು ದುಬೈ ದುಡ್ಡು ಎದುರುಬದುರು ಕೂತಿದ್ದ ಹೊತ್ತು. ತಮಾಷೆ ಏನೆಂದರೆ, ಕವಿ ಅನಿಲ್ ಪನಚ್ಚೂರಾನ್ ತಾವೇ ಬರೆದು, ಹಾಡಿ, ತೆರೆಯ ಮೇಲೂ ಕಾಣಿಸಿಕೊಂಡ ಹಾಡು ದಾರಿತಪ್ಪಿದ ಸಂಗಾತಿಗಳನ್ನು ಚುಚ್ಚುವಂಥದ್ದು. ಅದನ್ನು ಎತ್ತಿಕೊಂಡು ಕುಣಿದವರು ಎಡಪಂಥದ ಹುಡುಗರೇ.

ಈಗ ಸಾಲಕ್ಕೆ ಬರೋಣ. ಮುಕುಂದನ್‌ನದು ಪಕ್ಷದ ಬಾಕಿ. ಸಾಮಾನ್ಯ ಗಲ್ಫ್ ಕೂಲಿಯದು ಏಜೆಂಟಿನ ಬಾಕಿ. ಎರಡೂ ಕಡೆ ಕುಣಿಕೆ ಒಂದೇ. ಆಗ ದುಬೈನ ಒಂದು ದಿರ್ಹಮಿಗೆ ಹೆಚ್ಚುಕಡಿಮೆ 11 ರೂಪಾಯಿ. 700 ದಿರ್ಹಮ್ ಸಂಬಳದವನು ಊಟ, ಫೋನ್ ಕಾರ್ಡಿನ ಖರ್ಚು ಕಳೆದು 500 ಕಳಿಸಿದ ಅಂತಿಟ್ಟುಕೊಳ್ಳಿ. 5,500 ರೂಪಾಯಿ ಆಯಿತು. ವೀಸಾ, ಟಿಕೆಟ್ಟಿಗೆ ಅಂತ ನೂರಕ್ಕೆ ತಿಂಗಳಿಗೆ 3ರ ಬಡ್ಡಿಯಲ್ಲಿ 1 ಲಕ್ಷ ಎತ್ತಿದ್ದರೆ ಮೊದಲ ತಿಂಗಳು ಬಡ್ಡಿಗೇ 3,000, ಅಸಲಿಗೆ 2,500. ಮನೆಗೆ ಒಂದು ಪೈಸೆ ಕೊಡದೆ ಕಟ್ಟಿದರೂ ತೀರಲು 27 ತಿಂಗಳು. ಓಡಿಹೋಗದಿರಲಿ ಅಂತ ಮಾಲೀಕ ಮೊದಲ ಎರಡು ತಿಂಗಳ ಸಂಬಳ ಹಿಡಿದಿಟ್ಟರೆ ಅದು 32ಕ್ಕೆ ಹೋಗುತ್ತದೆ.

ಈ ಲೆಕ್ಕ ತಲೆಯಲ್ಲಿರುವವನಿಗೆ ಧಿಕ್ಕಾರ ಕೂಗಲು ಬಾಯಿ ಬರುತ್ತದೆಯೇ? ವೀಸಾ ಇರುವುದು ಕಫೀಲನ, ಅಂದರೆ ಕರೆಸಿಕೊಂಡ ಮಾಲೀಕನ, ಹೆಸರಲ್ಲಿ. ಕೂಲಿಯ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ ಅಂತ ಕಾನೂನು ಹೇಳಿದರೂ ಅದು ಆಫೀಸಿನ ಡ್ರಾಯರಿನಲ್ಲಿ. ಯೂನಿಯನ್ ಕಟ್ಟುವಂತಿಲ್ಲ. ಕೆಲಸ ಬಿಟ್ಟು ಹೊರಬಿದ್ದರೆ 'ಪರಾರಿ' ಅಂತ ದೂರು, ಅಲ್ಲಿಂದಾಚೆ ಅವನು 'ಖಲ್ಲಿವಲ್ಲಿ'. ಕಾಗದಪತ್ರ ಇಲ್ಲದವರಿಗೆ ಗಲ್ಫ್‌ನ ಬಾಯಿಮಾತಿನಲ್ಲಿ ಅದೇ ಹೆಸರು. ಸಿನಿಮಾ ಬಂದ ಮೂರೇ ತಿಂಗಳಿಗೆ, ಆ ಅಕ್ಟೋಬರಿನ ಕೊನೆಗೆ, ದುಬೈನಲ್ಲಿ ಕಟ್ಟಡ ಕಾರ್ಮಿಕರು ನಿಜಕ್ಕೂ ಕೆಲಸ ನಿಲ್ಲಿಸಿ ಬೀದಿಗಿಳಿದರು. ಸಾವಿರಗಟ್ಟಲೆ ಜನರನ್ನು ಪೊಲೀಸರು ಹಿಡಿದರು, ಗಡೀಪಾರಿನ ಮಾತು ಬಂತು. ಗಡೀಪಾರಾದವನ ಸಾಲ ಮಾತ್ರ ಊರಲ್ಲಿ ಹಾಗೇ ಕಾಯುತ್ತಿರುತ್ತದೆ. ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಡಬೇಕೆಂಬ ವ್ಯವಸ್ಥೆ ಅಲ್ಲಿಗೆ ಬಂದದ್ದು 2009ರಲ್ಲಿ.

ಊರಲ್ಲಿ ಹರತಾಳ ಮಾಡಿಸುತ್ತಿದ್ದವನ ಹಿಂದೆ ಮತ ಇತ್ತು, ರೇಷನ್ ಕಾರ್ಡ್ ಇತ್ತು, ಸಾಲ ಕೊಡುವ ಸಹಕಾರಿ ಬ್ಯಾಂಕ್ ಇತ್ತು. ವಿಮಾನ ಹತ್ತಿದ ಕೂಡಲೇ ಅದೆಲ್ಲ ಕೆಳಗೇ ಉಳಿಯಿತು. ಮುಕುಂದನ್ ಬೆಪ್ಪಾಗಿ ಕಾಣುವುದು ಅದಕ್ಕೇ. ತತ್ವ ಅದೇ ಇದೆ, ಕಾಲಿಡಲು ನೆಲವಿಲ್ಲ.

ಇದನ್ನು 1989ರ 'ವರವೇಲ್ಪ್' ಪಕ್ಕದಲ್ಲಿಟ್ಟು ನೋಡಬೇಕು. ಅದನ್ನು ಬರೆದವರು ಇದೇ ಶ್ರೀನಿವಾಸನ್. ಅಲ್ಲಿ ಗಲ್ಫ್‌ನಿಂದ ವಾಪಸಾದವನು ಬಸ್ಸು ಕೊಳ್ಳುತ್ತಾನೆ, ಯೂನಿಯನ್ನಿನವರು ಅವನನ್ನು ಹೈರಾಣು ಮಾಡುತ್ತಾರೆ. ಗಲ್ಫ್‌ನಲ್ಲಿದ್ದಷ್ಟು ದಿನ ಯೂನಿಯನ್ ಇಲ್ಲದ ಕೂಲಿ, ಊರಲ್ಲಿ ಇಳಿದ ಮರುದಿನವೇ ಯೂನಿಯನ್ ಕಣ್ಣಲ್ಲಿ ಮಾಲೀಕ! ಗಲ್ಫ್ ಮಲಯಾಳಿಯ ಇಡೀ ಅವಸ್ಥೆ ಈ ಎರಡು ಸಿನಿಮಾಗಳ ನಡುವೆ ಇದೆ. ಕಾಸರಗೋಡು, ಮಂಗಳೂರು, ಭಟ್ಕಳದ ಗಲ್ಫ್ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಅರಬಿಕ್ಕಥ' ಎಡವುವುದು ಕೇಡನ್ನೆಲ್ಲ ತಂದು ಕರುಣನ್ ಎಂಬ ಒಬ್ಬ ಮುಖಂಡನ ತಲೆಗೆ ಕಟ್ಟುವಲ್ಲಿ. ಅವನು ಒಳ್ಳೆಯವನಾಗಿದ್ದರೂ ಆ ಊರಿನ ಹುಡುಗರು ದುಬೈಗೆ ಹೋಗಿಯೇ ಹೋಗುತ್ತಿದ್ದರು. ಓದಿಸಿದ ಪಕ್ಷ ಕೆಲಸ ಹುಟ್ಟಿಸಲಿಲ್ಲ ಅನ್ನುವ ಕಹಿ ಮಾತನ್ನು ಸಿನಿಮಾ ಖಳನಾಯಕನ ಹಿಂದೆ ಅಡಗಿಸಿಟ್ಟಿತು.

ಆದರೂ ಆ ಚೀನೀ ಹುಡುಗಿಯ ಪ್ರಸಂಗಕ್ಕಾಗಿ ಎಲ್ಲ ಮಾಫಿ. ಕದ್ದುಮುಚ್ಚಿ ಸಿಡಿ ಮಾರುವವಳು ಚೀನಾದವಳು ಅಂತ ತಿಳಿದಾಗ ಮುಕುಂದನ್‌ಗೆ ಪುಣ್ಯಕ್ಷೇತ್ರದಿಂದ ಬಂದವರನ್ನು ಕಂಡ ಹಾಗಾಗುತ್ತದೆ. ಅವಳಿಗೋ ಚೀನಾ ಎಂದರೆ ಬಿಟ್ಟುಬಂದ ಮನೆ. ಅವನ ಭಕ್ತಿ ಅವಳಿಗೆ ಅರ್ಥವೇ ಆಗುವುದಿಲ್ಲ. ಕ್ರಾಂತಿ ಆಗಿಹೋದ ದೇಶದವಳು ಪರದೇಶದಲ್ಲಿ ಪೊಲೀಸರ ಕಣ್ಣುತಪ್ಪಿಸಿ ಸಿಡಿ ಮಾರುವುದೇಕೆ ಅನ್ನುವ ಪ್ರಶ್ನೆಗೆ ಅವನು ಓದಿದ ಯಾವ ಪುಸ್ತಕದಲ್ಲೂ ಉತ್ತರವಿಲ್ಲ.

ಈಗ ಆ ದೃಶ್ಯ ತೆಗೆಯಲು ದುಬೈಗೆ ಹೋಗಬೇಕಿಲ್ಲ, ಕೇರಳದ ಪೆರುಂಬಾವೂರು ಸಾಕು. ಪ್ಲೈವುಡ್ ಕಾರ್ಖಾನೆಗಳ ಊರು. ಭಾನುವಾರ ಪೇಟೆಗೆ ಬಂದರೆ ಬಂಗಾಳಿ, ಅಸ್ಸಾಮಿ ಮಾತೇ ಕಿವಿಗೆ ಬೀಳುತ್ತದೆ. ಸರ್ಕಾರ ಅವರನ್ನು ಗೌರವದಿಂದ 'ಅತಿಥಿ ಕಾರ್ಮಿಕರು' ಅನ್ನುತ್ತದೆ. ಎಡರಂಗ 34 ವರ್ಷ ಆಳಿದ ಬಂಗಾಳದಿಂದ ಬಂದ ಒಬ್ಬನನ್ನು ಅಲ್ಲಿನ ಯಾವನೋ ಮುಕುಂದನ್ ನಿಲ್ಲಿಸಿ, 'ನಿಮ್ಮೂರಲ್ಲಿ ಹೇಗಿತ್ತು ಸಂಗಾತಿ?' ಅಂತ ಕೇಳುವುದನ್ನು ಯಾರಾದರೂ ಸಿನಿಮಾ ಮಾಡಲಿ, ಮೊದಲ ಶೋಗೆ ಟಿಕೆಟ್ ನನಗಿರಲಿ.